‘ಸಿಪಾಯಿ ಎಲ್ಲವ್ನೆ?’: ಮಂಡ್ಯ ಜಿಲ್ಲೆಯ ಕಾಲೇಜೊಂದರಲ್ಲಿ ಮೂರು ದಿನ

ಯುದ್ಧ ಬೇಡ ಎಂದವರ ಬಗ್ಗೆ ನಾವು ಹಾಕಿದ ಚಾರ್ಟು ಪ್ರದರ್ಶನವೊಂದು ರಗಳೆಯಾದ ಪ್ರಕರಣ ಇದು. ಇದರಲ್ಲಿ ಕಾಲೇಜಿನ ಹೆಸರಿಲ್ಲ, ವರ್ಷ ಇಲ್ಲ, ನಮ್ಮ ಕಡೆಯವರ ಯಾರ ಹೆಸರೂ ಇಲ್ಲ. ಮಂಡ್ಯ ಜಿಲ್ಲೆಯ ಒಂದು ಪದವಿ ಕಾಲೇಜು ಅಂದುಕೊಂಡರೆ ಸಾಕು. ಹಿಂದೆ ಕಬ್ಬಿನ ಗದ್ದೆ, ಮುಂದೆ ಬಸ್‌ಸ್ಟಾಪು, ಮಧ್ಯಾಹ್ನ ಮೂರೂವರೆಯ ಬಸ್ಸು ತಪ್ಪಿದರೆ ಅರ್ಧ ಕ್ಲಾಸಿಗೆ ಊರು ಸೇರುವುದು ಕಷ್ಟ. ನಾನು ಅಲ್ಲಿ ಇತಿಹಾಸ ವಿಭಾಗದಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ‘ಅತಿಥಿ’ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ಒಂದೆರಡು ತೀರ್ಮಾನಗಳ ಹಿಂದೆ ವಿಚಾರಕ್ಕಿಂತ ಹೆಚ್ಚಾಗಿ, ಬರುವ ವರ್ಷ ನನ್ನನ್ನು ಕರೆಯುತ್ತಾರೋ ಇಲ್ಲವೋ ಅನ್ನುವ ದಿಗಿಲು ಕೆಲಸ ಮಾಡಿತ್ತು.

ಹಿನ್ನೆಲೆ

ಶುರುವಾದದ್ದು ಒಂದು ಪ್ರಶ್ನೆಯಿಂದ. ಅಂತಿಮ ಬಿ.ಎ. ತರಗತಿಯಲ್ಲಿ ಮೊದಲ ಮಹಾಯುದ್ಧದ ಕಾರಣಗಳು, ಕದನಗಳು, 1919ರ ವರ್ಸೇಲ್ಸ್ ಒಪ್ಪಂದ ಎಲ್ಲ ಮುಗಿಸಿ ಪುಸ್ತಕ ಮಡಚುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸಾರ್, ನಾಲ್ಕು ವರ್ಷ ಯಾರೂ ಬೇಡ ಅನ್ಲೇ ಇಲ್ವಾ?” ಅಂದಳು. ಅಂದವರು ಬೇಕಾದಷ್ಟು ಜನ ಇದ್ದರು. ನಮ್ಮ ಪಠ್ಯದಲ್ಲಿ ಅವರಿಗೆ ಜಾಗವಿರಲಿಲ್ಲ.

ವಿಭಾಗದ ಮುಖ್ಯಸ್ಥೆ, ನಾವೆಲ್ಲ ಮೇಡಂ ಅಂತಲೇ ಕರೆಯುತ್ತಿದ್ದವರು, ಆ ಪ್ರಶ್ನೆಯನ್ನೇ ವರ್ಷದ ಪ್ರಾಜೆಕ್ಟ್ ಮಾಡಿದರು. ‘ಯುದ್ಧದ ಹೊತ್ತಲ್ಲಿ ಬೇಡ ಎಂದವರು’ ಅಂತ ಹೆಸರು. ಇಪ್ಪತ್ತೆರಡು ಚಾರ್ಟು, ಗ್ರಂಥಾಲಯದ ಮುಂದಿನ ಕಾರಿಡಾರು, ಮೂರು ದಿನ. ನಿಂತುಕೊಂಡು ಓದುವವರಿಗೆ ತಾಳ್ಮೆ ಇರುವುದಿಲ್ಲ ಎಂದು ಒಂದು ಚಾರ್ಟಿಗೆ ಅರವತ್ತು ಪದ ಮೀರಬಾರದು ಅಂತ ನಿಯಮ ಮಾಡಿದವನು ನಾನೇ. ಮುಂದಿನ ರಗಳೆಗೆಲ್ಲ ಅಲ್ಲೇ ಬೀಜ ಬಿತ್ತು.

ಹುಡುಗರು ಚೆನ್ನಾಗಿಯೇ ಕೆಲಸ ಮಾಡಿದರು. 1917ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಸತ್ತು ಯುದ್ಧಕ್ಕೆ ಇಳಿಯಲು ಮತ ಹಾಕಿದಾಗ ಕೆಳಮನೆಯಲ್ಲಿ ಬೇಡ ಅಂದ 50 ಮಂದಿಯಲ್ಲಿ ಜೆನೆಟ್ ರ‍್ಯಾಂಕಿನ್ ಒಬ್ಬಳು. ಅಲ್ಲಿಗೆ ಆಯ್ಕೆಯಾದ ಮೊದಲ ಹೆಂಗಸು. 1941ರ ಡಿಸೆಂಬರ್ 8ಕ್ಕೆ, ಪರ್ಲ್ ಹಾರ್ಬರ್ ದಾಳಿಯ ಮಾರನೆಯ ದಿನ, ಮತ್ತೆ ಅದೇ ಪ್ರಶ್ನೆ ಬಂದಾಗ ಬೇಡ ಅಂದವಳು ಅವಳೊಬ್ಬಳೇ. ಜನ ಮುತ್ತಿಕೊಂಡಾಗ ಟೆಲಿಫೋನ್ ಗೂಡಿಗೆ ಹೊಕ್ಕು ಬಾಗಿಲು ಹಾಕಿಕೊಂಡಳು, ಪೊಲೀಸರು ಬಂದು ಕರೆದೊಯ್ಯಬೇಕಾಯಿತು. ಆ ಗೂಡಿನ ಚಿತ್ರ ಬರೆಯಲು ಹುಡುಗಿಯರಲ್ಲಿ ಜಗಳವೇ ಆಯಿತು. ಯುದ್ಧದ ವಿರುದ್ಧ ಭಾಷಣ ಮಾಡಿದ ತಪ್ಪಿಗೆ ಹತ್ತು ವರ್ಷದ ಶಿಕ್ಷೆಯಾಗಿ, ಜೈಲಿನಿಂದಲೇ 1920ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತು 9 ಲಕ್ಷಕ್ಕೂ ಹೆಚ್ಚು ಮತ ಪಡೆದ ಅಮೆರಿಕದ ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್‌ನದು ಒಂದು ಚಾರ್ಟು. 1916ರಲ್ಲಿ ಬ್ರಿಟನ್ ಕಡ್ಡಾಯ ಸೇನಾ ಭರ್ತಿ ತಂದಾಗ ಆತ್ಮಸಾಕ್ಷಿಯ ಹೆಸರಲ್ಲಿ ಒಲ್ಲೆ ಎಂದ ಸುಮಾರು 16,000 ಮಂದಿಯದು ಇನ್ನೊಂದು. ಅವರಲ್ಲಿ 35 ಜನರನ್ನು ಫ್ರಾನ್ಸಿಗೆ ಸಾಗಿಸಿ ಮರಣದಂಡನೆ ಓದಿ ಹೇಳಿ, ಆಮೇಲೆ ಹತ್ತು ವರ್ಷದ ಸಜೆಗೆ ಇಳಿಸಿದರು. ನಮ್ಮ ದೇಶದ್ದು ಎರಡು ಚಾರ್ಟು. ಒಂದು 1940ರ ಅಕ್ಟೋಬರ್ 17ಕ್ಕೆ ವಿನೋಬಾ ಪವನಾರಿನಲ್ಲಿ ಶುರುಮಾಡಿದ ವೈಯಕ್ತಿಕ ಸತ್ಯಾಗ್ರಹ. ಇನ್ನೊಂದರ ವಿಷಯ ಕೊನೆಗೆ ಹೇಳುತ್ತೇನೆ.

ಪ್ರದರ್ಶನಕ್ಕೆ ಎರಡು ವಾರ ಇರುವಾಗ ಗಡಿಯಲ್ಲಿ ಬಿಸಿ ಏರಿತು. ರಜೆಗೆ ಬಂದಿದ್ದ ಯೋಧರಿಗೆ ವಾಪಸ್ ಬರುವಂತೆ ಕರೆ ಬಂತು. ನಮ್ಮ ಸುತ್ತಲ ಹಳ್ಳಿಗಳಲ್ಲಿ ಸೇನೆಗೆ ಮಗನನ್ನು ಕಳಿಸಿದ ಮನೆಗಳಿವೆ. ನಮ್ಮ ಕ್ಲಾಸಿನಲ್ಲೇ ಇಬ್ಬರ ಅಣ್ಣಂದಿರು ಅಲ್ಲಿದ್ದರು. ಮುಂದೂಡೋಣವೇ ಅಂತ ಸ್ಟಾಫ್ ರೂಮಿನಲ್ಲಿ ಮಾತು ಬಂತು. ಮೇಡಂ ಒಪ್ಪಲಿಲ್ಲ. “ಯುದ್ಧದ ಹೊತ್ತಲ್ಲಿ ಬೇಡ ಅಂದೋರ ವಿಷ್ಯ ಯುದ್ಧ ಇಲ್ದಾಗ ಮಾತ್ರ ಹೇಳ್ತೀವಿ ಅಂದ್ರೆ ಹುಡುಗ್ರು ನಗ್ತಾರೆ” ಅಂದರು. ಅವತ್ತು ನನಗೆ ಅದು ನೂರಕ್ಕೆ ನೂರು ಸರಿ ಅನ್ನಿಸಿತ್ತು. ಈಗ ಎಪ್ಪತ್ತು ಅನ್ನುತ್ತೇನೆ. ಆ ಇಬ್ಬರು ಹುಡುಗರನ್ನು ಕೂರಿಸಿಕೊಂಡು ಒಂದು ಮಾತು ಕೇಳಬಹುದಿತ್ತು. ನಮಗೆ ಹೊಳೆಯಲಿಲ್ಲ.

ಒಂದು ಫೋಟೊ

ಮೊದಲ ದಿನ ಮಧ್ಯಾಹ್ನದವರೆಗೆ ಎಲ್ಲ ಸಲೀಸು. ಎರಡು ಗಂಟೆಯ ಸುಮಾರಿಗೆ ಬೇರೆ ವಿಭಾಗದ ಹುಡುಗನೊಬ್ಬ ಒಂಬತ್ತನೆಯ ಚಾರ್ಟಿನ ಫೋಟೊ ತೆಗೆದ.

ಆ ಚಾರ್ಟಿನಲ್ಲಿದ್ದದ್ದು ಜೇನ್ ಆಡಮ್ಸ್ ಕಥೆ. 1915ರ ಏಪ್ರಿಲ್ ಕೊನೆಯಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ, ಯುದ್ಧ ಮಾಡುತ್ತಿದ್ದ ದೇಶದವರೂ ಮಾಡದಿದ್ದ ದೇಶದವರೂ ಸೇರಿ 12 ದೇಶಗಳ ಸಾವಿರಕ್ಕೂ ಹೆಚ್ಚು ಹೆಂಗಸರು ಸಭೆ ಸೇರಿದರು. ಬ್ರಿಟನ್ನಿನಿಂದ ನೂರೆಂಬತ್ತು ಮಂದಿ ಹೊರಡಬೇಕಿತ್ತು; ಸರ್ಕಾರ ಸಮುದ್ರದ ದಾರಿ ಮುಚ್ಚಿತು, ಸಭೆ ಮುಟ್ಟಿದವರು ಮೂವರು. ಅಧ್ಯಕ್ಷತೆ ವಹಿಸಿದ್ದು ಅಮೆರಿಕದ ಹೆಸರಾಂತ ಸಮಾಜಸೇವಕಿ ಆಡಮ್ಸ್. ಸಭೆ ಮುಗಿದ ಮೇಲೆ ಯುರೋಪಿನ ರಾಜಧಾನಿಗಳನ್ನು ಸುತ್ತಿ, ಮಂತ್ರಿಗಳನ್ನು ಕಂಡು, ಊರಿಗೆ ಮರಳಿ ಜುಲೈ 9ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಮಾತಾಡಿದಳು. ಆ ಉದ್ದದ ಭಾಷಣದಲ್ಲಿ ಒಂದು ಮಾತು ಬಂತು: ಕೋವಿಯ ತುದಿಗೆ ಸಿಕ್ಕಿಸುವ ಚೂರಿ, ಬಯೊನೆಟ್, ಹಿಡಿದು ನುಗ್ಗುವ ಮುಂಚೆ ಸೈನಿಕರಿಗೆ ಮದ್ಯ ಕೊಡುತ್ತಾರೆಂದು ತಾವು ಹೋದ ದೇಶಗಳಲ್ಲೆಲ್ಲ ಕೇಳಿಬಂತು ಅಂತ. ಹತ್ತಿರದಿಂದ ಇನ್ನೊಬ್ಬ ಹುಡುಗನನ್ನು ತಿವಿಯಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ ಅನ್ನುವುದು ಅವಳ ಅರ್ಥ. ಪತ್ರಿಕೆಗಳು ಹಿಡಿದುಕೊಂಡದ್ದು ಮದ್ಯವನ್ನು ಮಾತ್ರ. ಸತ್ತ ಯೋಧರಿಗೆ ಹೇಡಿಗಳ ಪಟ್ಟ ಕಟ್ಟಿದಳು ಅಂತ ಹೆಸರಾಂತ ಯುದ್ಧ ವರದಿಗಾರನೊಬ್ಬ ಪತ್ರ ಬರೆದ. ಅಲ್ಲಿಯವರೆಗೆ ಅಮೆರಿಕ ತಲೆಮೇಲೆ ಹೊತ್ತಿದ್ದ ಹೆಂಗಸು ತಿಂಗಳೊಪ್ಪತ್ತಿನಲ್ಲಿ ಎಲ್ಲರ ಬಾಯಿಗೆ ಬಿದ್ದಳು. 1931ರಲ್ಲಿ ಅವಳಿಗೆ ನೊಬೆಲ್ ಶಾಂತಿ ಬಹುಮಾನ ಬಂತು. ಹದಿನಾರು ವರ್ಷ ಆಮೇಲೆ.

ಇಷ್ಟನ್ನು ಅರವತ್ತು ಪದಕ್ಕೆ ಇಳಿಸಬೇಕು. ‘ತಿವಿಯಲು ಮನಸ್ಸು ಬರುತ್ತಿರಲಿಲ್ಲ’ ಅನ್ನುವ ಸಾಲು ಬರೆದ ಹುಡುಗಿ ಕರಡಿನಲ್ಲಿ ಇಟ್ಟಿದ್ದಳು. ಪದ ಎಣಿಸಿ ಹೊಡೆದುಹಾಕಿದವನು ನಾನು. ಚಾರ್ಟಿನ ಮೇಲೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ಉಳಿದದ್ದು ಹೀಗೆ, ಎರಡು ಸಾಲಾಗಿ ಒಡೆದು:

ಯುದ್ಧದಲ್ಲಿ ಸೈನಿಕರಿಗೆ ಮದ್ಯ ಕುಡಿಸುತ್ತಾರೆ
ಎಂದು ಹೇಳಿದ್ದಕ್ಕೆ ಪತ್ರಿಕೆಗಳು ತಿರುಗಿಬಿದ್ದವು.

ಕನ್ನಡದಲ್ಲಿ ಹೇಳಿದ್ದು ಮೊದಲು ಬರುತ್ತದೆ, ‘ಎಂದು’ ಆಮೇಲೆ. ಫೋಟೊ ಕತ್ತರಿಸಿದವನು ಎರಡನೆಯ ಸಾಲು ಬಿಟ್ಟ. ಮೇಲೆ ಕಾಲೇಜಿನ ಬ್ಯಾನರು, ಕೆಳಗೆ ಮೊದಲ ಸಾಲು, ಅಷ್ಟೇ. ಜೊತೆಗೆ ಒಂದು ಒಕ್ಕಣೆ: ‘ನಮ್ಮೂರ ಹುಡುಗ್ರು ಗಡೀಲಿ ಸಾಯ್ತಾವ್ರೆ, ಈ ಕಾಲೇಜಲ್ಲಿ ಕುಡುಕ್ರು ಅಂತ ಪಾಠ ಮಾಡ್ತಾವ್ರೆ.’ ಮೂರೂವರೆಯ ಬಸ್ಸು ಹೊರಡುವಷ್ಟರಲ್ಲಿ ಅದು ಬಸ್ಸಿಗಿಂತ ಮುಂದೆ ಹೋಗಿತ್ತು. ಐದು ಗಂಟೆಗೆ ಪ್ರಾಂಶುಪಾಲರ ಫೋನು ನಿಲ್ಲದೆ ಬಡಿದುಕೊಳ್ಳುತ್ತಿತ್ತು. 1915ರಲ್ಲಿ ನ್ಯೂಯಾರ್ಕಿನಲ್ಲಿ ನಡೆದದ್ದು ಅದೇ ಮಾತಿನ ಸುತ್ತ ಮತ್ತೆ ನಮ್ಮ ಕಾರಿಡಾರಿನಲ್ಲಿ ನಡೆಯಿತು ಅಂತ ಈಗ ಹೇಳಲು ಚೆನ್ನಾಗಿದೆ. ಅವತ್ತು ಹೊಟ್ಟೆ ತೊಳಸುತ್ತಿತ್ತು.

ಮಾಡಿದ್ದು, ಕೆಟ್ಟದ್ದು

ಮೊದಲು ಮಾಡಿದ ಕೆಲಸ, ಚಾರ್ಟು ಇಳಿಸಿದ್ದು. ಪ್ರಾಂಶುಪಾಲರು ಹೇಳಿದರು, ನಾನೇ ಹೋಗಿ ಬಿಚ್ಚಿದೆ. ಎಂಟನೆಯದಕ್ಕೂ ಹತ್ತನೆಯದಕ್ಕೂ ನಡುವೆ ಬರಿ ಗೋಡೆ, ನಾಲ್ಕು ಮೂಲೆಯಲ್ಲಿ ಅಂಟುಪಟ್ಟಿಯ ಚೂರು. ಸಂಜೆಯೊಳಗೆ ಆ ಖಾಲಿ ಜಾಗದ ಫೋಟೊ ಬಂತು: ‘ತಪ್ಪು ಒಪ್ಕೊಂಡ್ರು.’ ಚಾರ್ಟು ಅಲ್ಲೇ ಇದ್ದಿದ್ದರೆ ಬಂದವರು ಎರಡನೆಯ ಸಾಲನ್ನೂ ಓದುತ್ತಿದ್ದರು.

ಎರಡನೆಯದು, ರಾತ್ರಿ ಕೂತು ನಾನು ಬರೆದ ವಿವರಣೆ. ನಾನೂರು ಪದ, ತಾರೀಖು ಸಮೇತ. ಊರಿನ ಮೂರು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಸಿದೆ. ಬಂದ ಉತ್ತರಗಳಲ್ಲಿ ನೆನಪಿರುವುದು ಒಂದೇ: ‘ಇಷ್ಟುದ್ದ ಬರ್ದವ್ರೆ ಅಂದ್ಮೇಲೆ ಒಳಗೇನೋ ಐತೆ.’

ಮೂರನೆಯದು ನನ್ನದೇ ಜಾಣತನ. ಎರಡನೆಯ ದಿನ ಬೆಳಿಗ್ಗೆ ಏಳಕ್ಕೇ ಹೋಗಿ, ಮೈಸೂರು ಲ್ಯಾನ್ಸರ್ಸ್ ಬಗ್ಗೆ ಹಳೆಯದೊಂದು ಚಾರ್ಟು ಬೀರುವಿನಲ್ಲಿದ್ದದ್ದನ್ನು ಹುಡುಕಿ ಕಾರಿಡಾರಿನ ಬಾಗಿಲಿಗೇ ತೂಗುಹಾಕಿದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಮೈಸೂರಿನ ಕುದುರೆಸವಾರರು ಭರ್ಜಿ ಹಿಡಿದು ಮಷೀನ್‌ಗನ್ನುಗಳ ಎದುರು ನುಗ್ಗಿ ಪ್ಯಾಲೆಸ್ಟೀನಿನ ಹೈಫಾ ಪಟ್ಟಣ ಗೆದ್ದ ಕಥೆ. ಮೇಡಂ ಬಂದು ನೋಡಿದವರು, “ಇದನ್ಯಾಕಪ್ಪ ಇಲ್ಲಿ ಹಾಕಿದೀಯ?” ಅಂದರು. ನಮ್ಮೋರೂ ಇದ್ರು ಅಂತ ತೋರ್ಸೋಕೆ ಮೇಡಂ, ಅಂದೆ. “ಸತ್ತೋರನ್ನ ಗುರಾಣಿ ಮಾಡ್ಕೋಬೇಡ. ತೆಗಿ.” ತೆಗೆದೆ. ಬಾಗಿಲಲ್ಲೂ ಒಂದು ಖಾಲಿ ಜಾಗ ಆಯಿತು.

ಫೋಟೊ ತೆಗೆದ ಹುಡುಗ ಯಾರು ಅಂತ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಅಪ್ಪನನ್ನು ಕರೆಸಿ, ಬರೆಸಿಕೊಂಡು ಬಿಡಿ ಅಂದವರಿದ್ದರು. ಪ್ರಕರಣ ತಿರುಗಿದ್ದು ಇಲ್ಲಿ, ತಿರುಗಿಸಿದ್ದು ಆ ಚಾರ್ಟು ಬರೆದ ಹುಡುಗಿ. ಅವಳಿಗೆ ಆ ಹುಡುಗ ಒಂದೇ ಊರಿನವನು. “ಅವನನ್ನ ಯಾಕೆ ಕರೀತೀರ ಸಾರ್, ಅವನು ಯಾರಿಗೆ ಬೇಜಾರಾಗುತ್ತೆ ಅಂತ ಕಳ್ಸಿದ್ನೋ ಅವರನ್ನ ಕರೀರಿ. ನಮ್ಮೂರಲ್ಲಿ ಮಿಲ್ಟ್ರಿ ಮಾವ ಅವ್ರೆ, ಅವನಿಗೆ ಸ್ವಂತ ಸೋದರಮಾವ” ಅಂದಳು. ಪ್ರಾಂಶುಪಾಲರಿಗೆ ಇಷ್ಟವಿರಲಿಲ್ಲ. ಮೇಡಂ ತಾವೇ ಫೋನ್ ಮಾಡಿದರು.

ಮಿಲ್ಟ್ರಿ ಮಾವ

ಸುಬೇದಾರನಾಗಿ ನಿವೃತ್ತಿಯಾದವರು, ಅರವತ್ತು ದಾಟಿದೆ, ಈಗ ಎರಡು ಎಕರೆ ಕಬ್ಬು. ಹನ್ನೊಂದಕ್ಕೆ ಟಿವಿಎಸ್ ಮೇಲೆ ಒಬ್ಬರೇ ಬಂದರು. ಗುಂಪು ಕಟ್ಟಿಕೊಂಡು ಬರುತ್ತಾರೆ ಅಂತ ನಾವು ಗೇಟಿನಲ್ಲಿ ಇಬ್ಬರನ್ನು ನಿಲ್ಲಿಸಿದ್ದು ನೆನೆಸಿಕೊಂಡರೆ ನಾಚಿಕೆ. ಕಾಫಿ ಬೇಡ ಅಂದರು. “ಮೊದ್ಲು ಏನ್ ಬರ್ದಿದೀರೋ ಅದ್ನ ಓದ್ತೀನಿ.”

ಕನ್ನಡಕ ಹಾಕಿಕೊಂಡು ಒಂದನೆಯ ಚಾರ್ಟಿನಿಂದ ಶುರುಮಾಡಿದರು. ತುಟಿ ಅಲ್ಲಾಡಿಸಿಕೊಂಡು ಓದುತ್ತಾರೆ, ಒಂದೊಂದಕ್ಕೂ ಐದೈದು ನಿಮಿಷ. ಹಿಂದೆ ಹತ್ತು ಹದಿನೈದು ಹುಡುಗರು ಉಸಿರು ಬಿಗಿಹಿಡಿದುಕೊಂಡು ಸರಿಯುತ್ತಾ ಬಂದರು. ಮರಣದಂಡನೆಗೆ ಗುರಿಯಾದ 35 ಜನರ ಚಾರ್ಟಿನ ಮುಂದೆ ಬಹಳ ಹೊತ್ತು ನಿಂತರು. “ಇವ್ರು ಧೈರ್ಯಸ್ಥರೇಯ. ಆದ್ರೆ ನನ್ನ ಸೆಕ್ಷನ್ನಲ್ಲಿ ಇಂಥೋರು ಬ್ಯಾಡ” ಅಂದರು. ಯಾರೂ ನಗಲಿಲ್ಲ. ಖಾಲಿ ಜಾಗ ಬಂತು, ಅದನ್ನೂ ಒಂದು ಸಲ ನೋಡಿ ಮುಂದೆ ಹೋದರು. ಇಪ್ಪತ್ತೆರಡನೆಯದು ಮುಗಿಸಿ, ಕನ್ನಡಕ ತೆಗೆದು, ನನ್ನ ಕಡೆ ತಿರುಗಿದರು.

“ಮೇಷ್ಟ್ರೇ, ಎಲ್ಲ ಅವ್ರೆ. ಹೆಂಗುಸ್ರು ಅವ್ರೆ, ಲೀಡ್ರುಗಳವ್ರೆ, ಜೈಲ್‌ಗೋದೋರವ್ರೆ. ಸಿಪಾಯಿ ಎಲ್ಲವ್ನೆ?”

ಉತ್ತರ ಇರಲಿಲ್ಲ. ಇಪ್ಪತ್ತೆರಡು ಚಾರ್ಟಿನಲ್ಲಿ ಸೈನಿಕ ಬಂದದ್ದು ಒಂದೇ ಕಡೆ, ಕುಡಿಯುವುದಕ್ಕೆ.

ಆಮೇಲೆ ಆ ಚಾರ್ಟು ಕೇಳಿದರು. ಪ್ರಾಂಶುಪಾಲರ ಮೇಜಿನ ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಸುತ್ತಿಟ್ಟಿತ್ತು. ಬಿಚ್ಚಿ, ನಾಲ್ಕು ಮೂಲೆಗೂ ಪೇಪರ್‌ವೆಯ್ಟು, ಸ್ಟೇಪ್ಲರು ಇಟ್ಟು ಓದಿದರು. ನಾವು ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದೆವು. “ರಮ್ಮು ಕೊಡ್ತಿದ್ರು. ಸುಳ್ಳೇನಲ್ಲ. ಮೇಲಿನ ಪೋಸ್ಟಲ್ಲಿ ಕೈ ಮರಗಟ್ಟೋದು. ನಾವು ಕುಡ್ದು ಹೋಗ್ಲಿಲ್ಲ ಮೇಷ್ಟ್ರೇ, ಹೋಗಿ ಬಂದ್ಮೇಲೆ ಕುಡುದ್ವಿ. ಅದೂ ನಿದ್ದೆ ಬರ್ಲಿ ಅಂತ.” ನಿದ್ದೆ ಯಾಕೆ ಬರುತ್ತಿರಲಿಲ್ಲ ಅಂತ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಗ ಹುಡುಗಿ ತನ್ನ ನೋಟ್‌ಬುಕ್ ತಂದು, ನಾನು ಹೊಡೆದುಹಾಕಿದ್ದ ಸಾಲನ್ನು ಓದಿದಳು. ಹತ್ತಿರದಿಂದ ತಿವಿಯಲು ಮನಸ್ಸು ಬರುತ್ತಿರಲಿಲ್ಲ, ಅದಕ್ಕೆ ಕೊಡುತ್ತಿದ್ದರು. ಸುಬೇದಾರರು ಇನ್ನೊಂದು ಸಲ ಓದಿಸಿದರು. “ಹಂಗಂತ ಬರೀಬೇಕಿತ್ತು ಕಣವ್ವಾ. ಇದೇ ಮುಖ್ಯ, ಇದನ್ನೇ ಬುಟ್ಟಿದೀರ.” ಬಿಟ್ಟದ್ದು ಅವಳಲ್ಲ, ನಾನು ಅಂತ ಹೇಳಿದೆ. ಹೇಳಿದ್ದು ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಸರಿಯಾದ ಒಂದೇ ಕೆಲಸ ಇರಬೇಕು.

ಮೇಡಂ ಅವತ್ತೇ ತೀರ್ಮಾನ ಮಾಡಿದರು: ಒಂಬತ್ತನೆಯ ಚಾರ್ಟು ಪೂರ್ತಿ ಬರೆದು ಅದೇ ಜಾಗಕ್ಕೆ, ಪದದ ಮಿತಿ ಇಲ್ಲ, ಮೂರು ಹೊಸ ಚಾರ್ಟು, ಮೂರರಲ್ಲೂ ಸಿಪಾಯಿ. ಹುಡುಗರು ಸಂಜೆ ಏಳರವರೆಗೆ ಕೂತರು. 1914ರ ಕ್ರಿಸ್‌ಮಸ್ ದಿನ ಕಂದಕಗಳಿಂದ ಎದ್ದು ಬಂದು ಕೈಕುಲುಕಿದ ಬ್ರಿಟಿಷ್, ಜರ್ಮನ್ ಸೈನಿಕರು. 1971ರ ಏಪ್ರಿಲ್‌ನಲ್ಲಿ ವಿಯೆಟ್ನಾಂನಿಂದ ಮರಳಿದ ನೂರಾರು ಮಂದಿ ವಾಷಿಂಗ್ಟನ್ನಿನ ಸಂಸತ್ ಭವನದ ಮುಂದೆ ಸಾಲಾಗಿ ನಿಂತು ತಮ್ಮ ಪದಕಗಳನ್ನು ಬೇಲಿಯಾಚೆ ಎಸೆದದ್ದು. ಮತ್ತೆ, ಸಿಗ್‌ಫ್ರೀಡ್ ಸಸೂನ್. ಶೌರ್ಯಕ್ಕೆ ಮಿಲಿಟರಿ ಕ್ರಾಸ್ ಪಡೆದ ಅಧಿಕಾರಿ, 1917ರ ಜುಲೈನಲ್ಲಿ ಈ ಯುದ್ಧವನ್ನು ಬೇಕೆಂದೇ ಎಳೆಯುತ್ತಿದ್ದಾರೆ ಅಂತ ಬಹಿರಂಗ ಹೇಳಿಕೆ ಕೊಟ್ಟ. ಅದನ್ನು ಬ್ರಿಟಿಷ್ ಸಂಸತ್ತಿನಲ್ಲಿ ಓದಿದರು. ವಿಚಾರಣೆಗೆ ನಿಲ್ಲಿಸುವ ಬದಲು ಮನಸ್ಸು ಕೆಟ್ಟಿದೆ ಅಂತ ಆಸ್ಪತ್ರೆಗೆ ಕಳಿಸಿದರು. ಮರುವರ್ಷ ಅವನು ತಾನಾಗಿ ರಣರಂಗಕ್ಕೆ ಹಿಂದಿರುಗಿದ. ಈ ಕೊನೆಯ ಸಾಲು ಹುಡುಗರಿಗೆ ಅರ್ಥವಾಗಲಿಲ್ಲ. ಬೇಡ ಅಂದವನು ಯಾಕೆ ಹೋದ? ಮಾರನೆಯ ದಿನ ಸುಬೇದಾರರು ಮತ್ತೆ ಬಂದಾಗ ಅವರನ್ನೇ ಕೇಳಿದರು. “ಅವನ ಹುಡುಗ್ರು ಅಲ್ಲೇ ಇದ್ರಲ್ಲಪ್ಪ” ಅಂದರು, ಅದರಲ್ಲೇನು ಕೇಳುವುದಿದೆ ಅನ್ನುವ ಹಾಗೆ.

ಎರಡು ಮಾತು ಅವರೇ ಷರತ್ತಾಗಿ ಹೇಳಿದ್ದರು. ವೇದಿಕೆ ಮೇಲೆ ಕರೆಯಬಾರದು, ಮಾಜಿ ಯೋಧರು ಬೆಂಬಲಿಸಿದರು ಅಂತ ಎಲ್ಲೂ ಬರೆಯಬಾರದು. ಅವರು ಬೆಂಬಲಿಸಲೂ ಇಲ್ಲ. “ಲಡಾಯಿ ನಡೀವಾಗ ಹಿಂದಿನಿಂದ ಬ್ಯಾಡ ಬ್ಯಾಡ ಅಂದ್ರೆ ಮುಂದಿರೋನಿಗೆ ಕೈ ನಡುಗ್ತದೆ. ಅದು ನನ್ನ ಅಭಿಪ್ರಾಯ. ನಿಮ್ದು ನೀವು ಹೇಳ್ಕೊಳ್ಳಿ, ಪೂರ್ತಿ ಹೇಳಿ.” ಅಳಿಯನನ್ನು ಅವರು ಏನು ಮಾಡಿದರೋ ಗೊತ್ತಿಲ್ಲ. ಮೂರನೆಯ ದಿನ ಆ ಹುಡುಗ ಕಾರಿಡಾರಿನಲ್ಲಿ ಕಂಡ, ಚಾರ್ಟು ಓದುತ್ತಿರಲಿಲ್ಲ, ಓದುವವರನ್ನು ನೋಡುತ್ತಿದ್ದ.

ಆಮೇಲೆ

ಮೂರನೆಯ ದಿನ ಊರಿನವರೂ ಬಂದರು. ಸೇನೆಯಲ್ಲಿ ಅಣ್ಣಂದಿರಿದ್ದ ನಮ್ಮ ಕ್ಲಾಸಿನ ಆ ಇಬ್ಬರಲ್ಲಿ ಒಬ್ಬ ಅಮ್ಮನನ್ನು ಕರೆತಂದ, ಇನ್ನೊಬ್ಬ ಮೂರು ದಿನವೂ ಕಾಲೇಜಿಗೇ ಬರಲಿಲ್ಲ. ಅವನ ಜೊತೆ ನಾವು ಆಮೇಲೂ ಸರಿಯಾಗಿ ಮಾತಾಡಲಿಲ್ಲ. ಆ ಮಟ್ಟಿಗೆ ಈ ಪ್ರಕರಣ ಸುಖಾಂತ ಅಂತ ಹೇಳಲಾರೆ.

ಇಂಥ ವಿಷಯ ಕೈಗೆತ್ತಿಕೊಳ್ಳುವ ಬೇರೆ ಮೇಷ್ಟರುಗಳು ಕೇಳಿದಾಗ ನಾನು ಹೇಳುವುದು ಹೆಚ್ಚಾಗಿ ಬರವಣಿಗೆಯ ವಿಷಯವೇ. ಯಾರೋ ಹೇಳಿದ ಮಾತನ್ನು ಬರೆಯುವಾಗ ಹೇಳಿದವರ ಹೆಸರು ಮೊದಲು ಹಾಕಿ: ‘ಜೇನ್ ಆಡಮ್ಸ್ 1915ರಲ್ಲಿ ಹೇಳಿದ್ದು’ ಅಂತ ಶುರುವಾದ ಸಾಲನ್ನು ಕತ್ತರಿಸುವುದು ಕಷ್ಟ. ಕಾರಿಡಾರಿಗೆ ಇಪ್ಪತ್ತೆರಡು ಅರ್ಧ ಕಥೆಗಿಂತ ಹತ್ತು ಪೂರ್ತಿ ಕಥೆ ವಾಸಿ. ವಿವಾದವಾದದ್ದನ್ನು ಇಳಿಸಬೇಕಾಗಿ ಬಂದರೆ ಆ ಜಾಗದಲ್ಲಿ ‘ಇದನ್ನು ತಿದ್ದುತ್ತಿದ್ದೇವೆ, ಇಂಥ ಹೊತ್ತಿಗೆ ಮತ್ತೆ ಹಾಕುತ್ತೇವೆ’ ಅಂತ ಚೀಟಿ ಅಂಟಿಸಿ. ಇನ್ನು ವಿಷಯದ ಮಟ್ಟಿಗೆ, ಯುದ್ಧಕಾಲದ ಶಾಂತಿ ಚಳವಳಿಗಳ ಮೇಲೆ ಎಲ್ಲ ದೇಶದಲ್ಲೂ ಎಲ್ಲ ಕಾಲದಲ್ಲೂ ಬಂದ ಆಪಾದನೆ ಒಂದೇ, ನೀವು ನಮ್ಮ ಹುಡುಗರಿಗೆ ದ್ರೋಹ ಮಾಡುತ್ತಿದ್ದೀರಿ ಅಂತ. ಹಾಗಿರುವಾಗ ಆ ಹುಡುಗರನ್ನೇ ಬಿಟ್ಟು ಇತಿಹಾಸ ಹೇಳಹೊರಟದ್ದು ನಮ್ಮ ದಡ್ಡತನ. ರಷ್ಯದಿಂದ ಬೇರೆಯಾಗಲು ಹೊರಟ ಚೆಚನ್ಯಾದಲ್ಲಿ ನಡೆದ ಯುದ್ಧದಲ್ಲಿ ರಷ್ಯದ ತಾಯಂದಿರು ಮಕ್ಕಳನ್ನು ಹುಡುಕಿಕೊಂಡು ರಣರಂಗಕ್ಕೇ ಹೋದರು. ಅಂಥದ್ದೊಂದು ಚಾರ್ಟು ಮೊದಲ ದಿನವೇ ಇದ್ದಿದ್ದರೆ ನಮ್ಮ ಹಳ್ಳಿಗಳ ತಾಯಂದಿರಿಗೆ ಬೇರೇನೂ ವಿವರಿಸಬೇಕಿರಲಿಲ್ಲ.

ಇನ್ನೊಂದು ಚಾರ್ಟಿನ ವಿಷಯ ಬಾಕಿ ಇದೆ. 1918ರಲ್ಲಿ ಗಾಂಧೀಜಿ ಖೇಡಾ ಜಿಲ್ಲೆಯಲ್ಲಿ ಬ್ರಿಟಿಷ್ ಸೈನ್ಯಕ್ಕೆ ಆಳು ಸೇರಿಸಲು ಹಳ್ಳಿಹಳ್ಳಿ ತಿರುಗಿದರು. ಸ್ವಲ್ಪ ಮುಂಚೆ, ಕಂದಾಯ ಸತ್ಯಾಗ್ರಹದಲ್ಲಿ, ದುಡ್ಡು ತೆಗೆದುಕೊಳ್ಳದೆ ಗಾಡಿ ಕೊಟ್ಟಿದ್ದ ರೈತರು ಈಗ ಬಾಡಿಗೆಗೂ ಗಾಡಿ ಕೊಡಲಿಲ್ಲ. ಅಹಿಂಸೆಯವರು ನೀವು, ಕೋವಿ ಹಿಡಿ ಅಂತೀರಾ ಅಂತ ಅವರನ್ನೇ ಕೇಳಿದರು. ಇಪ್ಪತ್ತೆರಡು ವರ್ಷದ ಮೇಲೆ ಅದೇ ಗಾಂಧೀಜಿ ವಿನೋಬಾರನ್ನು ಮುಂದೆ ಬಿಟ್ಟು, ಯುದ್ಧಕ್ಕೆ ಹಣವನ್ನಾಗಲಿ ಜನರನ್ನಾಗಲಿ ಕೊಡುವುದು ತಪ್ಪು ಅಂತ ಸಾರಿಸಿದರು. 20,000ಕ್ಕೂ ಹೆಚ್ಚು ಮಂದಿ ಜೈಲಿಗೆ ಹೋದರು. ನನ್ನ ಮಟ್ಟಿಗೆ ಇಡೀ ಪ್ರದರ್ಶನದಲ್ಲಿ ಅತಿ ಒಳ್ಳೆಯ ಚಾರ್ಟು ಅದು, ಗಾಡಿಯ ಚಿತ್ರ ಸಮೇತ. ಮೊದಲ ದಿನ ತೂಗುಹಾಕಿತ್ತು. ಎರಡನೆಯ ದಿನ ಬೆಳಿಗ್ಗೆ ಏಳಕ್ಕೆ ಹೈಫಾದ ಚಾರ್ಟು ಹಾಕಲು ಹೋದೆನಲ್ಲ, ಆಗ ಇದನ್ನೂ ಬಿಚ್ಚಿ, ಸುಬೇದಾರರು ಬರುವಷ್ಟರಲ್ಲಿ ವಿನೋಬಾರದ್ದನ್ನು ಎರಡಾಗಿ ಮಾಡಿ ಅಂಟಿಸಿ ಇಪ್ಪತ್ತೆರಡರ ಲೆಕ್ಕ ಸರಿಮಾಡಿದ್ದೆ. ಯಾರೂ ಹೇಳಿರಲಿಲ್ಲ. ಯಾರ ಫೋನೂ ಬಂದಿರಲಿಲ್ಲ. ನಾಳೆ ಇದಕ್ಕೂ ಯಾರಾದರೂ ಫೋಟೊ ತೆಗೆದರೆ ಅಂತ ನನಗೇ ಅನ್ನಿಸಿತು, ಬಿಚ್ಚಿದೆ. ಮೇಡಂಗೆ ಗೊತ್ತಾದದ್ದು ಪ್ರದರ್ಶನ ಮುಗಿದ ಮೇಲೆ. ಬೈಯಲಿಲ್ಲ. ಚಾರ್ಟು ಬರೆದಿದ್ದ ಇಬ್ಬರು ಹುಡುಗರಿಗೆ ನೀನೇ ಹೇಳು ಅಂದರು. ನಾನು ಹೇಳಲು ಹೋದಾಗ ಅವರು ಆಗಲೇ ನೋಡಿಬಿಟ್ಟಿದ್ದರು. “ಪರ್ವಾಗಿಲ್ಲ ಬುಡಿ ಸಾರ್” ಅಂದರು.

ಬರುವ ವರ್ಷವೂ ನನ್ನನ್ನು ಕರೆದರು. ಫೋಟೊ ಮಾತ್ರ ಇನ್ನೂ ಸುತ್ತುತ್ತಿದೆ. ಹೋದ ಆಗಸ್ಟ್‌ನಲ್ಲಿ ಮೈಸೂರಿನ ನನ್ನ ಭಾವಮೈದುನನಿಂದಲೇ ಬಂತು. ಎಷ್ಟು ಕೈ ದಾಟಿತ್ತೋ, ಬ್ಯಾನರಿನ ಅಕ್ಷರ ಮಸುಕಾಗಿ ಕಾಲೇಜಿನ ಹೆಸರು ಓದಲು ಬರುತ್ತಿರಲಿಲ್ಲ, ಕೆಳಗೆ ಉತ್ತರ ಕರ್ನಾಟಕದ ಯಾವುದೋ ಊರಿನ ಹೆಸರು ಹಾಕಿದ್ದರು. ‘ನೋಡಿ ಭಾವ, ಎಂಥ ಮೇಷ್ಟ್ರುಗಳಿರ್ತಾರೆ’ ಅಂತ ಬರೆದಿದ್ದ.